ಸೌದೆ ಒಲೆ ಕೊಳ್ಳಲು ಹೋದವನು ಪೈಪಿನ ಬಗ್ಗೆಯೇ ಕೇಳಿದೆ

ಮಳೆಗಾಲದಲ್ಲಿ ಮನೆಯೊಳಗೆ ಬೆಂಕಿ ಏಕೆ ಬೇಕು ಎಂದು ಕೊಡಗಿನ ಭಾಗಮಂಡಲ ರಸ್ತೆಯ ಕಡೆ ಮನೆ ಇರುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ (ಕೊಡಗಿನ ಆಟಿ ತಿಂಗಳು) ಕಳೆದರೂ ಬಿಡುವುದಿಲ್ಲ. ಗೋಡೆ ಬೆವರುತ್ತದೆ, ಹಾಸಿಗೆ ತಣ್ಣಗಿರುತ್ತದೆ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಕರೆಂಟ್ ಹೋಯಿತೆಂದರೆ ರೂಮ್ ಹೀಟರ್ ಇದ್ದೂ ಪ್ರಯೋಜನವಿಲ್ಲ. ನಮ್ಮಲ್ಲಿ ಅವ್ವನ ಕೋಣೆಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಇಡುವುದು ಹಿಂದಿನಿಂದ ಬಂದ ಪದ್ಧತಿ. ಅದನ್ನು ನಿಲ್ಲಿಸಲೇಬೇಕೆಂದು ನಾನು ಹಟ ಹಿಡಿದೆ. ಕೆಂಡದಿಂದ ಹೊಗೆ ಕಾಣುವುದಿಲ್ಲ ನಿಜ, ಆದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಬಾಗಿಲು ಮುಚ್ಚಿ ಕೆಂಡದ ಪಕ್ಕ ಮಲಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಬಾಗಿಲು ಭದ್ರವಾಗಿ ಮುಚ್ಚುವ, ಹೊಗೆ ಕೊಳವೆ ಇರುವ ಒಲೆಯೇ ಆಗಬೇಕಿತ್ತು.

ಅಂಗಡಿಗೆ ಹೋದ ಕೂಡಲೇ ಎದುರಾಗುವ ಪ್ರಶ್ನೆ, "ಸಾರ್, ಹೋಂಸ್ಟೇಗಾ?" ಮಡಿಕೇರಿ ಸುತ್ತ ಈಗ ಇಂಥ ಒಲೆ ಕೊಳ್ಳುವವರಲ್ಲಿ ಹೋಂಸ್ಟೇಯವರೇ ಜಾಸ್ತಿ ಇರಬೇಕು. ಅವರಿಗೆ ಗಾಜಿನ ಹಿಂದೆ ಉರಿ ಚೆಂದ ಕಾಣಬೇಕು. ನನಗೆ ಬೇಕಾದದ್ದು ರಾತ್ರಿಯಿಡೀ ಕೋಣೆ ಬೆಚ್ಚಗಿರುವುದು. ಬೆಂಗಳೂರಿನ ಒಂದು ಶೋರೂಮಿನಲ್ಲಿ ವಿದೇಶಿ ಒಲೆಗಳ ಸಾಲನ್ನೇ ತೋರಿಸಿದರು. ಮಾತೆಲ್ಲ ಕಿಲೋವ್ಯಾಟಿನದೇ. "ದೊಡ್ಡದೇ ತಗೊಳ್ಳಿ ಸಾರ್, ನಿಮ್ಮ ಕಡೆ ಚಳಿ ಜಾಸ್ತಿ" ಎಂದರು. ಅಲ್ಲೇ ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಒಣ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖ ಇರುತ್ತದೆ. ಅದರ ಮುಕ್ಕಾಲು ಪಾಲು ಕೋಣೆಗೆ ಬಂದರೂ ಗಂಟೆಗೆ ಒಂದು ಕೆಜಿ ಉರಿಸಿದರೆ 3 ಕಿಲೋವ್ಯಾಟ್ ಆಯಿತು, ಅಂದರೆ 1500 ವ್ಯಾಟಿನ ಎರಡು ಹೀಟರ್ ಒಟ್ಟಿಗೆ ಹಾಕಿದಷ್ಟು. ಅವ್ವನ ಕೋಣೆ 12 ಅಡಿಗೆ 14 ಅಡಿ. ಅದಕ್ಕೆ 10 ಕಿಲೋವ್ಯಾಟಿನ ಒಲೆ ತಂದರೆ ಸೆಕೆ ತಡೆಯಲಾರದೆ ಒಲೆಯ ಗಾಳಿ ಕಿಂಡಿಯನ್ನು ಯಾವಾಗಲೂ ಮುಚ್ಚಿಡಬೇಕಾಗುತ್ತದೆ. ಗಾಳಿ ಸಾಲದ ಸೌದೆ ಉರಿಯದೆ ಹೊಗೆಯಾಡುತ್ತದೆ, ಆ ಹೊಗೆ ತಣ್ಣನೆಯ ಕೊಳವೆಯಲ್ಲಿ ಡಾಂಬರಿನ ಹಾಗೆ ಮೆತ್ತಿಕೊಳ್ಳುತ್ತದೆ. ಮುಂದೊಂದು ದಿನ ಕೊಳವೆಯೊಳಗೇ ಬೆಂಕಿ ಹತ್ತುವುದು ಈ ಡಾಂಬರಿಗೇ. ಹಾಗಾಗಿ 5 ಕಿಲೋವ್ಯಾಟಿಗಿಂತ ದೊಡ್ಡದು ಬೇಡವೆಂದು ಅಲ್ಲೇ ತೀರ್ಮಾನಿಸಿದೆ.

ಬೀಡು ಕಬ್ಬಿಣದ ಒಲೆ ನೋಡಲು ಚೆಂದ, ಶಾಖವನ್ನೂ ಹಿಡಿದಿಡುತ್ತದೆ. ಆದರೆ ಬಿರುಕು ಬಿಟ್ಟರೆ ಅದನ್ನು ಸರಿಯಾಗಿ ವೆಲ್ಡ್ ಮಾಡುವವರು ಸಿಗುವುದು ಕಷ್ಟ, ಬಿಡಿ ಭಾಗಕ್ಕೆ ಬೆಂಗಳೂರಿಗೇ ಫೋನ್ ಮಾಡಬೇಕು. 5 ಎಂಎಂ ಎಂ.ಎಸ್. (ಸಾಮಾನ್ಯ ಮೃದು ಉಕ್ಕು) ಪ್ಲೇಟಿನ ಒಲೆಯಾದರೆ ಕುಶಾಲನಗರದ ಯಾವ ವೆಲ್ಡಿಂಗ್ ಶಾಪಿನಲ್ಲೂ ರಿಪೇರಿ ಆಗುತ್ತದೆ. ಒಳಗೆ ಕಾವು ತಡೆಯುವ ಇಟ್ಟಿಗೆ, ಅಂದರೆ ಫೈರ್ ಬ್ರಿಕ್ ಜೋಡಿಸಿಬಿಟ್ಟರೆ ಶಾಖದ ಮಾತೂ ಮುಗಿಯಿತು. ಹಾಗಾಗಿ ಊರಿನವರ ಕಡೆಗೇ ತಿರುಗಿದೆ.

ಇಲ್ಲಿ ಎಲ್ಲರಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಪೈಪ್ ಯಾವುದು ಹಾಕ್ತೀರಿ? ಒಬ್ಬರು ಸತು ಲೇಪಿಸಿದ ಕಬ್ಬಿಣದ ಜಿ.ಐ. ಪೈಪ್ ಎಂದರು, ಅಗ್ಗ, ತುಕ್ಕು ಹಿಡಿಯುವುದಿಲ್ಲ ಎಂದು. ಒಲೆಯ ನೆತ್ತಿಯ ಮೇಲೆ ಜಿ.ಐ. ಚೆನ್ನಾಗಿ ಕಾದರೆ ಸತುವಿನ ಲೇಪವೇ ಹೊಗೆಯಾಗಿ ಏಳುತ್ತದೆ, ಉಸಿರಿಗೆ ಅದು ಬಹಳ ಕೆಟ್ಟದ್ದು. ಇನ್ನೊಬ್ಬರು ಬಚ್ಚಲು ಒಲೆಗೆ ಹಾಕುವ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಪೈಪೇ ಸಾಕು ಎಂದರು. ಹೆಚ್ಚು ಕಾವಿಗೆ ಅದು ಸೀಳುತ್ತದೆ, ಮಲಗುವ ಕೋಣೆಯಲ್ಲಿ ಅದರ ಮಾತೇ ಬೇಡ.

ನಾನು ಕೆಲಸ ಕೊಟ್ಟ ಫ್ಯಾಬ್ರಿಕೇಟರ್ ದರ ಹೇಳಲೇ ಇಲ್ಲ, ನನ್ನನ್ನೇ ವಿಚಾರಿಸಿದರು. "ಮಾಡು ಹೆಂಚಿನದಾ, ಆರ್.ಸಿ.ಸಿ.ಯಾ ಅಣ್ಣ? ಸೌದೆ ಯಾವುದು ಹಾಕ್ತೀರಿ? ಕಾಫಿದಾ, ಸಿಲ್ವರ್ ಓಕ್‌ದಾ?" ಮನೆಗೆ ಬಂದು ಅಟ್ಟ ಹತ್ತಿ ಪಕಾಸುಗಳ (ಹೆಂಚು ಹೊರುವ ಇಳಿಜಾರು ಮರಗಳ) ಅಂತರ ಅಳೆದ ಮೇಲೆಯೇ ಕಾಗದದ ಮೇಲೆ ದರ ಬರೆದುಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒದಗಿಸಲೆಂದು 1974ರಲ್ಲಿ ಶುರುವಾದ ಅಸ್ತ್ರ ತಂಡದವರು ಮಾಡಿದ ಒಲೆಯ ಸುದ್ದಿಯೂ ಬಂತು. ಅದರ ಜಾಲರಿ, ಕೊಳವೆಗಳನ್ನು ಇವರು ಕೈಯಾರೆ ಕೂರಿಸಿದವರು. ಬೆಂಕಿಯನ್ನು ಎಳೆಯುವುದು ಕೊಳವೆ ಎಂಬುದು ಅವರಿಗೆ ನಾನು ಹೇಳಬೇಕಾದ ವಿಷಯವಾಗಿರಲಿಲ್ಲ.

ಜಗಳ ಅಂತ ಆದದ್ದು ಪೈಪಿನ ಜೋಡಣೆಯಲ್ಲಿ. ಹೊಗೆ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ಕೆಳಗಿನ ಪೈಪ್ ಮೇಲಿನದರ ಒಳಗೆ ಹೊಗಬೇಕು ಎನ್ನುವುದು ಅವರ ವಾದ. ಮಳೆ ನೀರಿಗೂ ಅದೇ ಸರಿ. ನಾನು ಒಪ್ಪಲಿಲ್ಲ. ಹೊಗೆಯ ತೇವ ತಣಿದು ಕಪ್ಪು ನೀರಾಗಿ ಕೊಳವೆಯ ಒಳಮೈಯಲ್ಲಿ ಕೆಳಕ್ಕೆ ಇಳಿಯುತ್ತದೆ. ಅವರು ಹೇಳಿದಂತೆ ಜೋಡಿಸಿದರೆ ಆ ನೀರು ಪ್ರತಿ ಜಾಯಿಂಟಿನಲ್ಲೂ ಹೊರಬಂದು ಗೋಡೆಗೆ, ನೆಲಕ್ಕೆ ತೊಟ್ಟಿಕ್ಕುತ್ತದೆ, ಆ ಕಲೆ ಹೋಗುವುದೇ ಇಲ್ಲ. ಮೇಲಿನ ಪೈಪಿನ ಬಾಯಿ ಕೆಳಗಿನದರ ಒಳಗೆ ಕೂತರೆ ನೀರು ಒಲೆಗೇ ಇಳಿದು ಸುಟ್ಟುಹೋಗುತ್ತದೆ. ಕೊನೆಗೆ ಇಬ್ಬರೂ ಸೇರಿ ದಾರಿ ಕಂಡುಕೊಂಡೆವು: ಕೋಣೆಯೊಳಗೆ ನಾನು ಹೇಳಿದ ಹಾಗೆ, ಅಟ್ಟದಿಂದ ಮೇಲಕ್ಕೆ ಜಾಯಿಂಟೇ ಇಲ್ಲದ ಒಂದೇ ಉದ್ದದ ಸ್ಟೇನ್‌ಲೆಸ್ ಪೈಪ್, ಅದರ ಸುತ್ತ ರಾಕ್‌ವೂಲ್ (ಶಾಖ ತಡೆಯುವ ಕಲ್ಲಿನ ಉಣ್ಣೆ) ತುಂಬಿದ ಎರಡನೆಯ ಪೈಪ್. ಮಳೆ ಒಳಗೆ ಬರಲು ಸಂದಿ ಇಲ್ಲ, ಹೊಗೆ ತಣಿಯಲು ಅವಕಾಶವೂ ಕಡಿಮೆ.

ಒಂಟಿ ಪದರದ ಪೈಪಿಗೂ ಮರಕ್ಕೂ ನಡುವೆ 18 ಇಂಚು ಬಿಡಬೇಕು. ಅದಕ್ಕಾಗಿ ಒಂದು ಪಕಾಸು ಕತ್ತರಿಸಿ ಅಡ್ಡ ತೊಲೆ ಕೊಡಬೇಕಾಯಿತು. ಕೊಳವೆ ಹೆಂಚಿನಿಂದ ಹೊರಬರುವ ಜಾಗದಿಂದ ಕನಿಷ್ಠ 3 ಅಡಿ ಎತ್ತರವಿರಬೇಕು, 10 ಅಡಿ ದೂರದೊಳಗಿನ ಯಾವುದೇ ಮಾಡಿಗಿಂತ 2 ಅಡಿ ಮೇಲಿರಬೇಕು. ಇಲ್ಲದಿದ್ದರೆ ಆಷಾಢದ ಗಾಳಿ ಹೊಗೆಯನ್ನು ವಾಪಸು ಕೋಣೆಗೇ ನೂಕುತ್ತದೆ. ಕೋಣೆಯ ಒಂದು ವೆಂಟಿಲೇಟರನ್ನು ಸದಾ ತೆರೆದಿಟ್ಟಿದ್ದೇವೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಹಾಕಿದ್ದೇವೆ.

ಹಣದ ವಿಷಯದಲ್ಲಿ ಎರಡು ಷರತ್ತು ಇಟ್ಟೆ. ಮೊದಲ ಬೆಂಕಿ ವರ್ಕ್‌ಶಾಪಿನ ಅಂಗಳದಲ್ಲೇ ಹಾಕಬೇಕು, ಹೊಸ ಪೇಂಟ್ ಸುಡುವ ಘಾಟು ಮನೆಗೆ ಬರಬಾರದು. ಕೊನೆಯ ಕಂತು ದೊಡ್ಡ ಮಳೆಯೊಂದು ಬಂದು ಹೋದ ಮೇಲೆ. ಅಂಗಳದಲ್ಲಿ ಒಲೆಯ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆದು ನೋಡಿದೆ. ಮೂರು ಬದಿಯಲ್ಲಿ ಬಿಗಿಯಾಗಿತ್ತು, ಕೆಳಬದಿಯಲ್ಲಿ ಸಲೀಸಾಗಿ ಜಾರಿ ಬಂತು. ಅವರು ಮರುಮಾತಾಡದೆ ಹಿಂಜ್ ಬಿಚ್ಚಿ, ಗ್ಯಾಸ್ಕೆಟ್ ಹಗ್ಗ ಬದಲಿಸಿ ಮತ್ತೆ ಕೂರಿಸಿದರು. ಮಳೆ ಶುರುವಾದ ಮೇಲೆ ಹೆಂಚಿನ ಸಂದಿಯಲ್ಲಿ ಸ್ವಲ್ಪ ನೀರು ಇಳಿಯಿತು. ಫೋನ್ ಮಾಡಿದ ಮರುದಿನವೇ ಏಣಿ ತಂದು ಅಲ್ಯೂಮಿನಿಯಂ ತಗಡು ಮಡಚಿ ಸರಿಮಾಡಿ ಹೋದರು. ಬಾಕಿಯನ್ನು ಅಂದೇ ಕೊಟ್ಟೆ.

ಈಗ ಪ್ರತಿ ಮೇ ತಿಂಗಳಲ್ಲಿ ಅವರೇ ಬಂದು ಕೊಳವೆಗೆ ಬ್ರಷ್ ಹಾಕುತ್ತಾರೆ. ಬರುವುದು ಒಣ ಪುಡಿ ಮಸಿ ಮಾತ್ರ, ಅಂಟುವ ಡಾಂಬರು ಇಲ್ಲ. ಅದರ ಪುಣ್ಯ ಸೌದೆಗೆ ಸೇರಬೇಕು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಮರ ಕಪಾತು ಮಾಡಿದ ಸಿಲ್ವರ್ ಕೊಂಬೆಗಳನ್ನು ಮುಂದಿನ ವರ್ಷಕ್ಕೆಂದು ಸೀಳಿ ಗಾಳಿಯಾಡುವ ಶೆಡ್ಡಿನಲ್ಲಿ ಒಟ್ಟುತ್ತೇವೆ. ಕಿತ್ತ ಕಾಫಿ ಬುಡಗಳಿಗೆ ಇನ್ನೂ ಹೆಚ್ಚು ಕಾಲ ಬೇಕು, ಆದರೆ ಆ ಕೆಂಡ ಬೆಳಗಿನವರೆಗೆ ನಿಲ್ಲುತ್ತದೆ. ತುಂಡನ್ನು ಹೊಸದಾಗಿ ಸೀಳಿ ಒಳಮೈಗೆ ಮೀಟರ್ ಚುಚ್ಚಿ ನೋಡುತ್ತೇನೆ, ತೇವ ಶೇ 20ಕ್ಕಿಂತ ಮೇಲಿದ್ದರೆ ಅದು ಬಚ್ಚಲು ಒಲೆಯ ಪಕ್ಕ ಒಣಗಲು ಹೋಗುತ್ತದೆ.

ಪಕ್ಕದ ತೋಟದವರೂ ಈಗ ಇಂಥದ್ದೇ ಬೇಕೆನ್ನುತ್ತಿದ್ದಾರೆ. ಅವರದು ಆರ್.ಸಿ.ಸಿ. ಮನೆ, ಸ್ಲ್ಯಾಬ್ ಕೊರೆಯಲು ಮನಸ್ಸಿಲ್ಲ. ಗೋಡೆಯಿಂದಲೇ ಕೊಳವೆ ತೆಗೆಯುವುದಾದರೆ 90 ಡಿಗ್ರಿಯ ಬೆಂಡ್ ಬೇಡ, 45 ಡಿಗ್ರಿಯ ಎರಡು ಹಾಕಿಸಿ, ಕೆಳಗೆ ಮಸಿ ತೆಗೆಯುವ ಮುಚ್ಚಳ ಬಿಡಿಸಿ ಎಂದು ಹೇಳಿದ್ದೇನೆ. ಬರುವ ವಾರ ಫ್ಯಾಬ್ರಿಕೇಟರ್ ಅಳತೆಗೆ ಬರುತ್ತಾರಂತೆ.