ಟೋಪಿ ಕ್ವಿಲ್ಟ್ ಕೊಳ್ಳುವಾಗ ಟೋಪಿ ಬೀಳದಿರಲಿ

ಆರ್ಟ್ ಕ್ವಿಲ್ಟ್ ಎಂದರೆ ಹೊದೆಯುವ ಕೌದಿಯಲ್ಲ, ಗೋಡೆಗೆ ತೂಗುಹಾಕುವ ಚಿತ್ರ. ಮೇಲುಬಟ್ಟೆ, ಅಡಿಬಟ್ಟೆ, ನಡುವೆ ಹತ್ತಿಯದೋ ಪಾಲಿಯೆಸ್ಟರಿನದೋ ಪದರ. ಮೂರನ್ನೂ ಹಿಡಿದಿಡುವುದು ಹೊಲಿಗೆ. ಅಮೆರಿಕದ ಓಹಾಯೋದಲ್ಲಿ 1979ರಿಂದ ನಡೆಯುತ್ತಿರುವ ‘ಕ್ವಿಲ್ಟ್ ನ್ಯಾಷನಲ್’ ಪ್ರದರ್ಶನ ಈ ಕಲೆಗೆ ದೊಡ್ಡ ವೇದಿಕೆ. ಟೋಪಿಯ ಹುಚ್ಚಿದ್ದು, ಟೋಪಿಯ ಚಿತ್ರವಿರುವ ಕ್ವಿಲ್ಟ್ ಹುಡುಕುವವರಿಗೆ ಇಲ್ಲಿ ಸರಕಿಗೆ ಬರವಿಲ್ಲ. ಆರಿಸುವುದೇ ಕಷ್ಟ.

ಮೊದಲು ಹಳತೋ ಹೊಸತೋ ನಿರ್ಧರಿಸಿ. ಹಳತರಲ್ಲಿ ಹೆಚ್ಚು ಸಿಗುವುದು ‘ಸನ್‌ಬಾನೆಟ್ ಸ್ಯೂ’: ಪಕ್ಕಕ್ಕೆ ತಿರುಗಿ ನಿಂತ, ಮುಖವೆಲ್ಲ ಬಿಸಿಲುಟೋಪಿಯೊಳಗೆ ಮುಚ್ಚಿಹೋದ ಹುಡುಗಿ. 1930ರ ದಶಕದ್ದು ಎಂದು ಮಾರುವವರು ಹೇಳಿದರೆ ಕತ್ತಲ ಕೋಣೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ. ಬಟ್ಟೆಗೆ ಬಿಳುಪು ಕೊಡುವ ಹೊಳಪುಕಾರಕಗಳು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ಅವಿದ್ದರೆ ಬಟ್ಟೆ ನೀಲಿಬಿಳಿಯಾಗಿ ಹೊಳೆಯುತ್ತದೆ. ಆದರೆ ಅಷ್ಟಕ್ಕೇ ತೀರ್ಪು ಕೊಡಬೇಡಿ. ಇಂದಿನ ಡಿಟರ್ಜೆಂಟಿನಲ್ಲಿ ಒಮ್ಮೆ ಒಗೆದಿದ್ದರೂ ಇಡೀ ಕ್ವಿಲ್ಟ್ ಹೊಳೆಯಬಹುದು. ಒಂದೇ ತುಂಡು ಹೊಳೆದರೆ ಅದು ಆಮೇಲೆ ಹಚ್ಚಿದ ತೇಪೆ ಇರಬಹುದು. ಬೆಲೆ ಇಳಿಸಿ ಕೇಳಿ.

ಹೊಸದಕ್ಕೆ ‘ಸ್ಟುಡಿಯೋ ಆರ್ಟ್ ಕ್ವಿಲ್ಟ್ ಅಸೋಸಿಯೇಟ್ಸ್’ ಸಂಸ್ಥೆ ಆನ್‌ಲೈನಿನಲ್ಲಿ ನಡೆಸುವ ವಾರ್ಷಿಕ ಹರಾಜು ಒಳ್ಳೆಯ ದಾರಿ. 12 ಅಂಗುಲ ಚದರದ ಕೃತಿಗಳು, ಸಣ್ಣ ಗೋಡೆಗೆ ಹೇಳಿಮಾಡಿಸಿದಂಥವು. ಅಲ್ಲಿ ಬೆಲೆ ಏರುವುದಿಲ್ಲ, ದಿನದಿನಕ್ಕೆ ಇಳಿಯುತ್ತದೆ. ಹೆಚ್ಚು ಕಾದರೆ ಇನ್ನೊಬ್ಬರ ಪಾಲು.

ದುಡ್ಡು ಕೊಡುವ ಮುನ್ನ ನಾಲ್ಕು ಫೋಟೊ ತರಿಸಿ: ಪೂರ್ತಿ ಮುಂಭಾಗ, ಪೂರ್ತಿ ಹಿಂಭಾಗ, ಒಂದು ಅಂಚು, ಪಕ್ಕದಿಂದ ಬೆಳಕು ಬಿಟ್ಟು ತೆಗೆದದ್ದು. ನಾಲ್ಕನೆಯದೇ ಮುಖ್ಯ. ಟೋಪಿ ಕ್ವಿಲ್ಟ್‌ಗಳಿಗೆ ಫೆಲ್ಟು (ಉಣ್ಣೆ, ತುಪ್ಪಳವನ್ನು ಒತ್ತಿ ಮಾಡಿದ ದಪ್ಪ ಬಟ್ಟೆ), ಗರಿ, ಬಲೆ, ಮಣಿ, ಪಿನ್ನುಗಳನ್ನು ಸೇರಿಸುವ ಚಪಲ ಕಲಾವಿದರಿಗೆ ಜಾಸ್ತಿ. ಭಾರ ಒಂದೇ ಕಡೆ ಬಿದ್ದರೆ ಬಟ್ಟೆ ಜೋತುಬೀಳುತ್ತದೆ; ಅಡ್ಡಬೆಳಕಿನಲ್ಲಿ ಆ ಸುಕ್ಕು ಎದ್ದು ಕಾಣುತ್ತದೆ. ಕಬ್ಬಿಣದ ಪಿನ್ನು ತುಕ್ಕು ಹಿಡಿದು ಕಲೆ ಮಾಡುತ್ತದೆ. ಹಳೆಯ ಟೋಪಿಯನ್ನೇ ಕತ್ತರಿಸಿ ಹೊಲಿದಿದ್ದರೆ ಇನ್ನೂ ಎಚ್ಚರ: ತುಪ್ಪಳದ ಫೆಲ್ಟ್ ತಯಾರಿಕೆಯಲ್ಲಿ ಪಾದರಸ ಬಳಸುವುದನ್ನು ಅಮೆರಿಕ ನಿಲ್ಲಿಸಿದ್ದು 1941ರಲ್ಲಿ. ಅದಕ್ಕೂ ಹಿಂದಿನ ಫೆಲ್ಟನ್ನು ಬರಿಗೈಯಲ್ಲಿ ಉಜ್ಜಬೇಡಿ.

ಉಣ್ಣೆ, ಗರಿ ಇದ್ದಲ್ಲಿ ನುಸಿ ತಪ್ಪಿದ್ದಲ್ಲ. ಮನೆಗೆ ಬಂದ ಕ್ವಿಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ. ಅಕ್ರಿಲಿಕ್ ಬಣ್ಣ ಬಳಿದದ್ದನ್ನು ಫ್ರೀಜರಿಗೆ ಹಾಕಲೇಬೇಡಿ, ಬಿರುಕು ಬಿಡುತ್ತದೆ.

ತೂಗುಹಾಕಲು ಹಿಂಬದಿಯಲ್ಲಿ ಕೋಲು ತೂರಿಸಲು 10 ಸೆಂ.ಮೀ. ಅಗಲದ ಬಟ್ಟೆಯ ಕೊಳವೆ ಬೇಕು. ಎರಡೂ ತುದಿಯಲ್ಲಿ ಅಂಚಿನಿಂದ 2–3 ಸೆಂ.ಮೀ. ಒಳಗೇ ಅದು ಮುಗಿಯಲಿ. ಸೂಜಿ ಅಡಿಬಟ್ಟೆಯನ್ನೂ ನಡುಪದರವನ್ನೂ ಹಿಡಿಯಬೇಕು, ಮುಂಭಾಗಕ್ಕೆ ದಾಟಬಾರದು. ಕೊಳವೆ ಸ್ವಲ್ಪ ಸಡಿಲವಿರಲಿ, ಇಲ್ಲದಿದ್ದರೆ ಕೋಲಿನ ಉಬ್ಬು ಟೋಪಿಯ ಮೇಲೇ ಮೂಡೀತು. ಕೋಲಿನ ಬದಲು ಮರದ ಪಟ್ಟಿಯಾದರೆ, ಮರದ ಆಮ್ಲ ಬಟ್ಟೆಗೆ ತಾಗದಿರಲು ವಾರ್ನಿಷ್ ಹೊಡೆದರೆ ಸಾಲದು. ಆಮ್ಲರಹಿತ ಹಾಳೆಯನ್ನೋ ತಡೆಪದರವನ್ನೋ ಸುತ್ತಿ. ಬೆಳಕು 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ದಾಟದಿರಲಿ. ಮೂರು ತಿಂಗಳು ಗೋಡೆ, ಆಮೇಲೆ ವಿಶ್ರಾಂತಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಹೊರಗೋಡೆಗೆ ಹಾಕುವುದೇ ಬೇಡ.

ಎತ್ತಿಡುವಾಗ ಮಡಚದೆ, ಮುಂಭಾಗ ಹೊರಗೆ ಬರುವಂತೆ ಬೇರೊಂದು ಗಟ್ಟಿ ಕೊಳವೆಗೆ ಸುತ್ತಿ, ಒಗೆದ ಮಸ್ಲಿನ್ ಹೊದಿಸಿ. ಮಣಿ, ಗರಿ ಇದ್ದರೆ ಸುತ್ತದೆ ಪೆಟ್ಟಿಗೆಯಲ್ಲಿ ಅಂಗಾತ ಇಡಿ.

ಮೈಸೂರು ಪೇಟವೋ ತುಳುನಾಡಿನ ಹಾಳೆಟೋಪಿಯಾದ ಮುಟ್ಟಾಳೆಯೋ ಇರುವ ಕ್ವಿಲ್ಟ್ ಬೇಕೆಂದರೆ ಮಾಡಿಸಿಕೊಳ್ಳುವುದೇ ಸರಿ. ಅಳತೆ, ಗಡುವು, ಮುಂಗಡವನ್ನು ಬರೆದುಕೊಳ್ಳಿ. ಹೆಸರು, ವರ್ಷ, ಬಳಸಿದ ಬಟ್ಟೆಗಳ ವಿವರದ ಚೀಟಿಯನ್ನು ಹಿಂಬದಿಗೆ ಹೊಲಿಸಿ. ಮುಂದೆ ರಿಪೇರಿಗೆಂದು ಪ್ರತಿ ಬಟ್ಟೆಯಲ್ಲೂ ಅಂಗೈಯಗಲದ ತುಂಡನ್ನು ಕೇಳಿ ಇಟ್ಟುಕೊಳ್ಳಿ.