ಐಡಿಯಾ ಯಾರದ್ದು? ಚೇಳು ಕಡಿತದ ಅಧ್ಯಯನದಲ್ಲಿ ಗೆದ್ದ ರಿಜಿಸ್ಟರ್ – ನನ್ನ ಅನುಭವ

ಚೇಳು ಕಡಿತಕ್ಕೆ ಪ್ರಾಜೋಸಿನ್ (ರಕ್ತದೊತ್ತಡ ಇಳಿಸುವ ಮಾತ್ರೆ) ಕೊಡುವುದು ರಾಯಚೂರು ಕಡೆಯ ವೈದ್ಯರಿಗೆ ಹೊಸದಲ್ಲ. 1980ರ ದಶಕದಲ್ಲೇ ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅದನ್ನು ಬಳಸಿ ತೋರಿಸಿದ್ದರು. ಉಲ್ಲೇಖ ಕೊಡುವಾಗ ಅವರ ಮೂಲ ಲೇಖನಕ್ಕೇ ಹೋಗಬೇಕು. ಮೊನ್ನೆ ಮೊನ್ನೆ ಬಂದ ರಿವ್ಯೂ (ಹಳೇ ಅಧ್ಯಯನಗಳನ್ನು ಒಟ್ಟುಮಾಡಿ ಬರೆದ ಲೇಖನ) ಒಂದನ್ನು ಹಾಕಿ ಕೈತೊಳೆದರೆ ಹೆಸರೆಲ್ಲ ರಿವ್ಯೂ ಬರೆದವರ ಪಾಲು. ಇದು ಸಲೀಸು. ತೊಡಕು ಇರುವುದು ನಮ್ಮದೇ ವಾರ್ಡಿನಲ್ಲಿ ಹುಟ್ಟಿದ ಐಡಿಯಾಕ್ಕೆ ಹೆಸರು ಕೊಡುವಲ್ಲಿ.

ನಮ್ಮ ಅಧ್ಯಯನ ನಿಂತದ್ದೇ ಒಂದು ಮಾತಿನ ಮೇಲೆ. ಹೊತ್ತು ಎಣಿಸಬೇಕಾದ್ದು ಕಡಿದ ಗಳಿಗೆಯಿಂದ, ಆಸ್ಪತ್ರೆಗೆ ಬಂದ ಗಳಿಗೆಯಿಂದಲ್ಲ. ಆದರೆ ಹೊಲದಲ್ಲಿ ಗಡಿಯಾರ ನೋಡಿದವರು ಯಾರು? ಕ್ಯಾಜುವಲ್ಟಿಯ ಸಿಸ್ಟರ್ ಒಬ್ಬರ ಮಾತು ನಮ್ಮ ಐಡಿಯಾ ರಿಜಿಸ್ಟರಿನಲ್ಲಿ ಹಾಗೇ ಇದೆ: "ಎಷ್ಟು ಗಂಟೆಗೆ ಕಡೀತು ಅಂತ ಕೇಳಬ್ಯಾಡ್ರಿ ಸರ್. ಊರ ಬಸ್ ಹೋಗಿತ್ತೇನು, ಆಜಾನ್ ಆಗಿತ್ತೇನು ಅಂತ ಕೇಳ್ರಿ." ಅಧ್ಯಯನದ ಯೋಜನೆಗೆ ಈ ತಿದ್ದುಪಡಿ ಎಥಿಕ್ಸ್ ಕಮಿಟಿಯಲ್ಲಿ ಪಾಸಾದ ಮೇಲೆ ಫಾರಂನಲ್ಲಿ ಇಂಥ ಆರು ಗುರುತು ಸೇರಿಸಿದೆವು. 'ಸಮಯ ಗೊತ್ತಿಲ್ಲ' ಅನ್ನುವ ಉತ್ತರ ಮೂರಕ್ಕೊಂದು ಇದ್ದದ್ದು ಹತ್ತಕ್ಕೊಂದರ ಆಸುಪಾಸಿಗೆ ಇಳಿಯಿತು. ಇದು ನೆನಪಿನ ಲೆಕ್ಕ.

ಯಾವ ಐಡಿಯಾ ಯಾರದ್ದು ಎಂದು ಬರೆದಿಡಲು ಮೊದಲು ವಾಟ್ಸಾಪ್ ಗ್ರೂಪ್ ನಂಬಿದ್ದು ದಂಡ. ಇಬ್ಬರು ಫೋನ್ ಬದಲಿಸಿದರು, ಹಳೇ ಮೆಸೇಜು ಮಾಯ. ಆಮೇಲೆ ಎಕ್ಸೆಲ್. ಯಾರೋ ಒಂದು ಕಾಲಂ ಮಾತ್ರ ಸಾರ್ಟ್ ಮಾಡಿ ಹೆಸರೊಂದು ಕಡೆ, ಐಡಿಯಾ ಒಂದು ಕಡೆ ಆಯಿತು. ಅವರವರ ಪಾಲಿಗೆ ತಕ್ಕಂತೆ ನೂರು ಅಂಕ ಹಂಚುವ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು: ಎಲ್ಲರೂ ಬರೆದುಕೊಂಡ ಅಂಕ ಕೂಡಿಸಿದರೆ ಇನ್ನೂರರ ಹತ್ತಿರ!

ಕೊನೆಗೆ ಗೆದ್ದದ್ದು ಬೈಂಡ್ ಮಾಡಿದ 200 ಪುಟದ ರಿಜಿಸ್ಟರ್, ಸುಮಾರು 120 ರೂಪಾಯಿ. ಪುಟಕ್ಕೆ ಮೊದಲೇ ನಂಬರು ಹಾಕಿ. ಐದು ಕಾಲಂ: ದಿನಾಂಕ, ಹೇಳಿದವರು, ಅವರ ಬಾಯಿಮಾತು ಇದ್ದಂತೆ, ಹಿಂದೆ ಯಾರಾದರೂ ಇದನ್ನು ಬರೆದಿದ್ದಾರೆಯೇ, ಪ್ರೋಟೋಕಾಲಿನಲ್ಲಿ (ಅಧ್ಯಯನದ ಲಿಖಿತ ಯೋಜನೆಯಲ್ಲಿ) ಏನು ಬದಲಾಯಿತು. ಬಾಯಿಮಾತನ್ನು ಇಂಗ್ಲಿಷಿಗೆ ತಿರುಗಿಸಿ ಬರೆಯಬೇಡಿ, ತಿರುಗಿಸಿದವನದೇ ಐಡಿಯಾ ಆಗಿಬಿಡುತ್ತದೆ. ಅದೇ ದಿನ ಹೇಳಿದವರ ಸಹಿ, ಜೊತೆಗೆ ಇನ್ನೊಬ್ಬರ ಸಹಿ. ತಪ್ಪಾದರೆ ಒಂದೇ ಗೆರೆ ಹೊಡೆಯಿರಿ, ವೈಟ್ನರ್ ಬೇಡ. ತಿದ್ದುಪಡಿ ಕಮಿಟಿಗೆ ಹೋಗುವಾಗ ಆ ಪುಟದ ಜೆರಾಕ್ಸೂ ಹೋಗಲಿ, ದಿನಾಂಕಕ್ಕೆ ಹೊರಗಿನ ಸಾಕ್ಷಿ ಸಿಗುತ್ತದೆ. ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ತಾಣ) ನೋಂದಣಿಗೆ ಖರ್ಚಿಲ್ಲ, ಆದರೆ 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುಂಚೆಯೇ ಆಗಬೇಕು. ಅಲ್ಲಿ ಐಡಿಯಾ ಕೊಟ್ಟವರಿಗೆ ಬೇರೆ ಖಾನೆ ಇಲ್ಲ.

"ಸಿಸ್ಟರ್ ಹೆಸರು ಲೇಖಕರ ಸಾಲಿನಲ್ಲಾ? ಜರ್ನಲ್‌ನವರು ವಾಪಸ್ ಕಳಿಸ್ತಾರೆ" ಎಂದವರು ಬಹಳ. ಲೇಖಕರಾಗಲು ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ಇಟ್ಟ ನಾಲ್ಕು ಷರತ್ತು ಎಲ್ಲರ ಬಾಯಲ್ಲೂ ಇದೆ: ಕೆಲಸದಲ್ಲಿ ಗಣನೀಯ ಪಾಲು, ಬರಹದಲ್ಲಿ ಪಾಲು, ಅಂತಿಮ ಒಪ್ಪಿಗೆ, ಹೊಣೆ. ಆದರೆ ಅದರ ಕೆಳಗಿನ ಸಾಲನ್ನು ಓದಿದವರು ಕಡಿಮೆ: ಮೊದಲ ಷರತ್ತು ಪೂರೈಸಿದವರಿಗೆ ಉಳಿದವುಗಳ ಅವಕಾಶವೇ ಕೊಡದೆ ಹೊರಗಿಡಬಾರದು. ಆ ಅವಕಾಶ ಕೊಟ್ಟದ್ದು ಹೀಗೆ. ಸಮಯ ಗುರುತಿಸುವ ಪ್ಯಾರಾವನ್ನು ಸಿಸ್ಟರ್ ಕನ್ನಡದಲ್ಲಿ ಹೇಳಿದರು, ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಒಬ್ಬರು ಇಂಗ್ಲಿಷಿಗೆ ತಂದರು, ಪೂರ್ತಿ ಲೇಖನವನ್ನು ಮತ್ತೆ ಕನ್ನಡದಲ್ಲಿ ಓದಿ ಹೇಳಿದೆವು. ಎರಡು ಸಂಜೆ ಹಿಡಿಯಿತು. ಎರಡು ಕಡೆ ತಪ್ಪು ಹಿಡಿದರು, ತಿದ್ದಿದ ಮೇಲೆ ಸಹಿ. ಜರ್ನಲ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಣ ತಂದದ್ದಕ್ಕೋ, ವಿಭಾಗದ ಮೇಲ್ವಿಚಾರಣೆಗೋ ಮಾತ್ರ ಲೇಖಕರ ಪಟ್ಟ ಸಿಗುವುದಿಲ್ಲ. ಅಂಥವರು ಕೃತಜ್ಞತೆಯಲ್ಲಿ ಬರುತ್ತಾರೆ, ಅದಕ್ಕೂ ಅವರ ಲಿಖಿತ ಒಪ್ಪಿಗೆ ತೆಗೆದುಕೊಂಡಿರಿ.

ಪಕ್ಕದಲ್ಲೇ ಇನ್ನೊಂದು ಪ್ರಯೋಗ: ಕ್ರೆಡಿಟ್ (CRediT, ಲೇಖನದಲ್ಲಿ ಯಾರು ಯಾವ ಕೆಲಸ ಮಾಡಿದರೆಂದು ಗುರುತಿಸುವ) ಪದ್ಧತಿಯ 14 ಪಾತ್ರಗಳನ್ನು ಕನ್ನಡಕ್ಕಿಳಿಸಿ ಗೋಡೆಗೆ ಹಚ್ಚಿದೆವು. 'ಪರಿಕಲ್ಪನೆ' ಅನ್ನುವ ಒಂದೇ ಖಾನೆಗೆ ಎಲ್ಲರೂ ಮುಗಿಬಿದ್ದರು. ಅದನ್ನು ಒಳಗಿನ ಬಳಕೆಗೆ ಮೂರು ಮಾಡಿದೆವು: ಪ್ರಶ್ನೆ ಕಂಡವರು, ಅಳೆಯುವ ಬಗೆ ಹುಡುಕಿದವರು, ಯಾವುದಕ್ಕೆ ಯಾವುದನ್ನು ಹೋಲಿಸಬೇಕೆಂದು ಹೇಳಿದವರು. ಜಗಳ ಅರ್ಧಕ್ಕರ್ಧ ಇಳಿಯಿತು. ಜರ್ನಲ್‌ಗೆ ಕಳಿಸುವಾಗ ಮೂರೂ ಸೇರಿ ಮತ್ತೆ ಒಂದೇ ಖಾನೆ.

ಒಟ್ಟು ಖರ್ಚು ರಿಜಿಸ್ಟರ್, ಜೆರಾಕ್ಸ್, ಚಹಾ, ಮಂಡಕ್ಕಿ-ಮಿರ್ಚಿ ಸೇರಿ ಎರಡು ಸಾವಿರ ದಾಟಿಲ್ಲ, ಅದರಲ್ಲಿ ಹೆಚ್ಚಿನದು ಮಿರ್ಚಿಗೆ.

ರೋಗಿಯ ಕಡೆಯವರಿಂದ ಬಂದ ಐಡಿಯಾಕ್ಕೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಗೌಪ್ಯತೆಯಿಂದಾಗಿ ಹೆಸರು ಹಾಕುವಂತಿಲ್ಲ. 'ದಾಖಲಾದ ಮಗುವಿನ ಅಜ್ಜಿ' ಎಂದಷ್ಟೇ ಬರೆದು ದಿನಾಂಕ ಹಾಕುತ್ತೇವೆ, ಕೃತಜ್ಞತೆಯಲ್ಲೂ ಅಷ್ಟೇ.