ನಿಯಮಕ್ಕೆ ಒಳಪಡದ ಇಂಗ್ಲಿಷ್ ಕ್ರಿಯಾಪದಗಳನ್ನು ಕಲಿಯುವ ಕ್ರಮ

ಇಂಗ್ಲಿಷಿನ ಬಹುಪಾಲು ಕ್ರಿಯಾಪದಗಳು ಕೊನೆಗೆ ‘ಇ-ಡಿ’ ಸೇರಿ ಭೂತಕಾಲದ ರೂಪ ಪಡೆಯುತ್ತವೆ. ಈ ನಿಯಮಕ್ಕೆ ಒಳಪಡದವುಗಳನ್ನು ಅಕಾರಾದಿಯಾಗಿ ಉರುಹೊಡೆಯುವ ಬದಲು ಧ್ವನಿಯ ಹೋಲಿಕೆಯಂತೆ ಗುಂಪು ಮಾಡಿಕೊಂಡು ಕಲಿಯುವುದೇ ಉತ್ತಮ. ಸಿಂಗ್–ಸ್ಯಾಂಗ್, ಡ್ರಿಂಕ್–ಡ್ರ್ಯಾಂಕ್ ಎಂಬಲ್ಲಿ ಒಳಗಿನ ಸ್ವರವಷ್ಟೇ ಬದಲಾದರೆ, ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್ ಎಂಬಲ್ಲಿ ದೀರ್ಘಸ್ವರ ಹ್ರಸ್ವವಾಗಿ ಕೊನೆಗೆ ‘ಟ್’ ಸೇರುತ್ತದೆ. ಕಟ್, ಪುಟ್ ಬದಲಾಗುವುದೇ ಇಲ್ಲ. ‘ರೀಡ್’ ಪದದ ಕಾಗುಣಿತ ಎರಡೂ ಕಾಲಗಳಲ್ಲಿ ಒಂದೇ ಆದರೂ ಭೂತಕಾಲದಲ್ಲಿ ಅದನ್ನು ‘ರೆಡ್’ ಎಂದು ಉಚ್ಚರಿಸಬೇಕಾದ್ದರಿಂದ ಗಟ್ಟಿಯಾಗಿ ಓದಿ ರೂಢಿಸಿಕೊಳ್ಳಬೇಕು. ಗೋ–ವೆಂಟ್ ಯಾವ ಗುಂಪಿಗೂ ಸೇರದು; ‘ವೆಂಟ್’ ಮೂಲತಃ ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ಭೂತರೂಪ. ಕಲಿಯುವವರು ಹೆಚ್ಚಾಗಿ ಎಡವುವುದು ‘ಡಿಡ್’ ಬಂದಾಗ: ಕಾಲವನ್ನು ಅದೇ ಸೂಚಿಸುವುದರಿಂದ ಮುಖ್ಯ ಕ್ರಿಯಾಪದ ಮೂಲರೂಪದಲ್ಲೇ ಉಳಿಯಬೇಕು, ‘ಡಿಡ್ ನಾಟ್ ವೆಂಟ್’ ತಪ್ಪು, ‘ಡಿಡ್ ನಾಟ್ ಗೋ’ ಸರಿ.